ವಾಪಸ್ ಖಾಲಿ

ಇವತ್ತು ತನ್ನ ಗಾಡಿ ತಲೆಗೆ ಬರುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದು ಎಂದು ಶಿವಸ್ವಾಮಿಗೆ ಬೆಳಿಗ್ಗೆಯಿಂದ ಅನ್ನಿಸುತ್ತಿತ್ತು. ಟ್ಯಾಕ್ಸಿ ಇಟ್ಟುಕೊಂಡವನಿಗೆ ಬರಬೇಕಾದ ಯೋಚನೆಯಲ್ಲ ಇದು. ಗುಂಡ್ಲುಪೇಟೆಯ ಸ್ಟ್ಯಾಂಡಿನಲ್ಲಿ ಉಳಿದವರೆಲ್ಲ ಸಾಲು ಒಂದು ಗಾಡಿಯಷ್ಟು ಮುಂದೆ ಸರಿದರೂ ಲಾಟರಿ ಹೊಡೆದಷ್ಟು ಹಿಗ್ಗುವವರು. ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತ ಗಾಡಿಗೆ ಅಲ್ಲಿ ತಲೆಗಾಡಿ ಎಂದು ಹೆಸರು. ಬಂದ ಗಿರಾಕಿ ಎಂಥ ದೊಡ್ಡ ಮನುಷ್ಯನಾದರೂ ಕೇಳಬೇಕಾದ್ದು ತಲೆಗಾಡಿಯವನನ್ನೇ. ಆಗ ಹಿಂದಿನವರು ಆಕಾಶ ನೋಡಬೇಕು. ಶಿವಸ್ವಾಮಿಯೂ ಇಷ್ಟು ವರ್ಷ ಹಾಗೆ ಆಕಾಶ ನೋಡಿದವನೇ, ಸರದಿ ಬಂದಾಗ ಶರ್ಟಿನ ಕಾಲರು ಸರಿಮಾಡಿಕೊಂಡವನೇ. ಆದರೆ ಈಚೆಗೆ ತಲೆಗೆ ಬಂದು ನಿಂತ ಕೂಡಲೇ ಅವನ ಕಣ್ಣು ರಸ್ತೆಯ ಎರಡೂ ತುದಿಗೆ ಓಡಾಡುತ್ತಿತ್ತು. ದೂರದಲ್ಲಿ ಯಾರಾದರೂ ಚೀಲ ಹಿಡಿದು ಬರುವುದು ಕಂಡರೆ, ಇವರು ಊಟಿ ಅನ್ನಲಿ, ಮೈಸೂರು ಅನ್ನಲಿ, ಗೋಪಾಲಸ್ವಾಮಿ ಬೆಟ್ಟ ಅನ್ನಲಿ, ಆ ಒಂದು ಊರಿನ ಹೆಸರು ಮಾತ್ರ ಎತ್ತದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಆ ಊರೇನು ದೇಶಾಂತರದಲ್ಲಿರಲಿಲ್ಲ. ಚಾಮರಾಜನಗರ, ತನ್ನದೇ ಜಿಲ್ಲೆಯ ಜಿಲ್ಲಾ ಕೇಂದ್ರ.

ಟ್ಯಾಕ್ಸಿಯವರು ಗಿರಾಕಿಯನ್ನು ಯಾಕೆ ಒಲ್ಲೆ ಅನ್ನುತ್ತಾರೆ ಎಂದು ಕೇಳಿದರೆ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. ಕುಡಿದವನು ಸೀಟಿನ ಮೇಲೆ ಕಕ್ಕುತ್ತಾನೆ. ಹರಕೆಯ ಮೇಕೆಯನ್ನು ಡಿಕ್ಕಿಗೆ ತುಂಬಿಸಿಕೊಂಡರೆ ವಾರ ಕಳೆದರೂ ವಾಸನೆ ಬಿಡುವುದಿಲ್ಲ. 'ಇಲ್ಲೇ ಹತ್ರ' ಅನ್ನುವವನ ಊರು ಯಾವತ್ತೂ ಹತ್ತಿರವಿರುವುದಿಲ್ಲ. ಹೊತ್ತು ಇಳಿದ ಮೇಲೆ ಕೇರಳದ ಕಡೆ ಹೊರಟರೆ ಕಾಡಿನ ಗೇಟು ಹಾಕಿಬಿಡುತ್ತಾರೆ, ಆಮೇಲೆ ಬೆಳಗಿನವರೆಗೂ ಗೇಟಿನಲ್ಲಿ ಸೊಳ್ಳೆ ಹೊಡೆಯುತ್ತ ಕೂರಬೇಕು. ಸರ್ಕಾರದ ಕಾನೂನು ಈ ಕಷ್ಟಗಳನ್ನೆಲ್ಲ ಕೇಳುವುದಿಲ್ಲ. ಸಕಾರಣವಿಲ್ಲದೆ ಪ್ರಯಾಣಿಕರನ್ನು ನಿರಾಕರಿಸತಕ್ಕದ್ದಲ್ಲ ಎಂದು ಬ್ಯಾಡ್ಜಿನ ಪರೀಕ್ಷೆಗೆ ಶಿವಸ್ವಾಮಿ ಬಾಯಿಪಾಠ ಮಾಡಿದ್ದ. ಸಕಾರಣ ಅಂದರೆ ಎಂಥ ಕಾರಣ ಎಂದು ಅವನೂ ಕೇಳಲಿಲ್ಲ, ಸಾಹೇಬರೂ ಹೇಳಲಿಲ್ಲ. ಚಾಮರಾಜನಗರದ ಗಿರಾಕಿಗೆ ಅವನು ಕೊಡುತ್ತಿದ್ದ ಕಾರಣ ಒಂದೇ: ವಾಪಸ್ ಖಾಲಿ ಬರಬೇಕು. ಬೇಕಾದರೆ ತೆರಕಣಾಂಬಿಯವರೆಗೆ ಬರುತ್ತೇನೆ, ಅಲ್ಲಿಂದಾಚೆ ಬಸ್ಸು ಹಿಡಿಯಿರಿ ಅನ್ನುತ್ತಿದ್ದ. ಅರ್ಧ ದಾರಿಯೂ ಅಲ್ಲದ ತೆರಕಣಾಂಬಿಗೆ ಯಾವ ಪುಣ್ಯಾತ್ಮ ಟ್ಯಾಕ್ಸಿ ಮಾಡಿಕೊಂಡು ಹೋದಾನು? ಸಾಲಿನಲ್ಲಿ ಯಾವಾಗಲೂ ಅವನ ಹಿಂದೆ ಮುಂದೆಯೇ ಇರುವ ಪುಟ್ಟಮಾದು ಒಮ್ಮೆ ಎಲ್ಲರ ಎದುರಿಗೇ ಅಂದಿದ್ದ: "ಆವತ್ತು ದೊಡ್‌ದೊಡ್ಡೋರು ಚಾಮ್ರಾಜ್ನಗರಕ್ಕೆ ಕಾಲಿಕ್ಕುದ್ರೆ ಕುರ್ಚಿ ಓಯ್ತದೆ ಅಂತ ಎದ್ರುಕೊಂಡಿದ್ರಂತೆ ಕಣ್ಲಾ. ನಿಂಗೇನ್ಲಾ ಓಯ್ತದೆ, ಡ್ರೈವರ್ ಸೀಟಾ?" ಎಲ್ಲರೂ ನಕ್ಕಿದ್ದರು. ಶಿವಸ್ವಾಮಿಯೂ ನಕ್ಕಿದ್ದ. ಆದರೆ ನಗು ಮುಗಿಯುವ ಮೊದಲೇ ಪುಟ್ಟಮಾದುವಿಗೆ ಗೊತ್ತಾಗಿ ಅವನು ಮಾತು ತಿರುಗಿಸಿ ಟೈರಿನ ವಿಷಯ ಎತ್ತಿದ್ದ, ಮತ್ತು ಆ ದಯೆ ಶಿವಸ್ವಾಮಿಯನ್ನು ನಗುವಿಗಿಂತ ಹೆಚ್ಚು ಚುಚ್ಚಿತ್ತು.

ಯಾಕೆಂದರೆ ಚಾಮರಾಜನಗರದಲ್ಲಿ ಕಾವ್ಯಶ್ರೀ ಇದ್ದಳು. ಅವನ ಹೆಂಡತಿ. ಬಿಟ್ಟ ಹೆಂಡತಿಯಲ್ಲ, ಬಿಟ್ಟು ಹೋದ ಹೆಂಡತಿಯೂ ಅಲ್ಲ. ಆ ಊರಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಹೆಂಡತಿ. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳಿಗೆ ಬಡ್ತಿ ಬಂದು ಅಲ್ಲಿಗೆ ವರ್ಗವಾಯಿತು. ಸಂಜೆ ಮನೆಗೆ ಬಂದಾಗ ಅವಳ ಬೆರಳುಗಳಲ್ಲಿ ಸ್ಪಿರಿಟಿನ ವಾಸನೆ ಇರುತ್ತಿತ್ತು, ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಕಲಸಿದ ರೊಟ್ಟಿ ಹಿಟ್ಟಿಗೂ ಅದು ಹತ್ತಿಕೊಂಡಿದೆ ಎಂದು ಅವನು ರೇಗಿಸುತ್ತಿದ್ದ. ಈಗ ದಾರಿಯಲ್ಲಿ ಯಾವುದಾದರೂ ಕ್ಲಿನಿಕ್ಕಿನ ಬಾಗಿಲು ತೆರೆದಿದ್ದು ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅವನಿಗೆ ಕಾಲು ಮುಂದೆ ಹೋಗುವುದಿಲ್ಲ. ವರ್ಗದ ಸುದ್ದಿ ಹೇಳಿದ ದಿನ ಅವಳು ಎಷ್ಟು ಹಗುರವಾಗಿ ಹೇಳಿದ್ದಳು: ನೀವೂ ಬನ್ನಿ, ಅಲ್ಲೂ ಟ್ಯಾಕ್ಸಿ ಸ್ಟ್ಯಾಂಡ್ ಇದೆ. ಇದೆ, ಆದರೆ ಹೊಸಬ ಬಾಲದಲ್ಲಿ ನಿಲ್ಲಬೇಕು. ಇಲ್ಲಿ ಸಂಘದ ಬೋರ್ಡಿನ ಮೇಲೆ ಹೆಸರಿದೆ, ನಂಬರಿದೆ, ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದ. "ಬಾಲದಲ್ಲಿ ನಿಂತ್ಕೊಂಡ್ರೆ ಏನಾಯ್ತು? ಬಾಲ ಮುಂದಕ್ಕೆ ಬರಾದೇ ಇಲ್ವಾ?" ಎಂದಿದ್ದಳು ಅವಳು, ಅಕ್ಕಿ ಆರಿಸುತ್ತ, ತಲೆ ಎತ್ತದೆ. ಅವನು ಎದ್ದು ಗಾಡಿ ಒರೆಸಲು ಹೋದ. ಉತ್ತರ ಕೊಡದಿರುವುದೂ ಒಂದು ಉತ್ತರ ಎಂದು ಅವಳಿಗೆ ಗೊತ್ತಿರಲಾರದು ಅಂದುಕೊಂಡಿದ್ದ.

ಅವಳು ಹೊರಟ ದಿನ ಅವನ ಗಾಡಿ ತಲೆಗೆ ಬಂದಿತ್ತು. ಬ್ಯಾಗು, ಹಾಸಿಗೆ, ಕುಕ್ಕರು ಎಲ್ಲ ಕಟ್ಟಿ ಇಟ್ಟಿದ್ದಳು. ಮನೆಯ ಟ್ಯಾಕ್ಸಿ ಮನೆ ಮುಂದೆ ಬರುತ್ತದೆ ಎಂದು ಹೆಂಡತಿಯಾದವಳು ಅಂದುಕೊಳ್ಳುವುದರಲ್ಲಿ ತಪ್ಪೇನು. ಅವನು ಫೋನು ಮಾಡಿ, ಪಾಳಿ ಬಂದುಬಿಟ್ಟಿದೆ, ಈಗ ಸಾಲು ಬಿಟ್ಟರೆ ಸಂಜೆಯವರೆಗೂ ಬರುವುದಿಲ್ಲ, ಬಸ್ಸಿಗೆ ಹೋಗಿರು, ಭಾನುವಾರ ಸಾಮಾನು ತರುತ್ತೇನೆ ಎಂದ. ಸಾಮಾನನ್ನು ಪುಟ್ಟಮಾದುವಿನ ಗಾಡಿಯಲ್ಲಿ ಕಳಿಸಿದ್ದಾಯಿತು. ಮೊದಮೊದಲು ಅವಳು ವಾರಕ್ಕೊಮ್ಮೆ ಬರುತ್ತಿದ್ದಳು. ಆಮೇಲೆ ಭಾನುವಾರ ಡ್ಯೂಟಿ ಬೀಳತೊಡಗಿತು. ಆಮೇಲೆ ಫೋನು, ಆಮೇಲೆ ಗ್ಯಾಸ್ ಬುಕ್ ಮಾಡಿದ್ರಾ ಎನ್ನುವಷ್ಟು ಫೋನು. ಮಕ್ಕಳಾಗಿರಲಿಲ್ಲ, ಆಗಿದ್ದರೆ ಅವರ ನೆಪದಲ್ಲಾದರೂ ದಾರಿ ಸವೆಯುತ್ತಿತ್ತು. ಜಗಳವಾಗಿದ್ದರೆ ರಾಜಿ ಮಾಡಿಸಲು ನಾಲ್ಕು ಜನ ಬರುತ್ತಿದ್ದರು. ಆಗದ ಜಗಳಕ್ಕೆ ರಾಜಿ ಮಾಡಿಸುವವರು ಯಾರು? ಹೋಗಬೇಕೆಂದು ಅವನಿಗೆ ದಿನವೂ ಅನ್ನಿಸುತ್ತಿತ್ತು. ಎಷ್ಟೋ ಸಂಜೆ ತೆರಕಣಾಂಬಿಯವರೇ ಆದ ಗಿರಾಕಿಗಳನ್ನು ಊರಲ್ಲಿ ಇಳಿಸಿ, ಅಲ್ಲೇ ಹುಣಿಸೆಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಮುಂದಕ್ಕೆ ಹೋಗುವ ರಸ್ತೆಯನ್ನು ನೋಡುತ್ತ ಕೂರುತ್ತಿದ್ದ. ಹೆಂಡತಿಯ ಮನೆಗೆ ಹೋಗಲು ಯಾರೋ ಬಾಡಿಗೆ ಕೊಡಬೇಕೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಗಿರಾಕಿಯನ್ನು ಕೂರಿಸಿಕೊಂಡು ಆ ಊರಿಗೆ ಹೋದರೆ ಅವಳ ಬಾಗಿಲ ಮುಂದೆ ಹಾದುಹೋಗಬೇಕು. ನಿಂತರೆ, ಬಾಡಿಗೆ ಸಿಕ್ಕಿತು ಅಂತ ಬಂದ್ರಾ ಅನ್ನುತ್ತಾಳೆ. ನಿಲ್ಲದೆ ಬಂದರೆ ತಾನು ಮನುಷ್ಯನಲ್ಲ. ಬರಿಗೈಯಲ್ಲಿ ಹೋಗಿ ನಿಂತರೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಅವಳು ಕೇಳದೆಯೇ ಬಾಗಿಲಲ್ಲಿ ನಿಂತಿರುತ್ತದೆ. ಹೀಗೆ ಲೆಕ್ಕ ಹಾಕಿ ಹಾಕಿ, ಇಗ್ನಿಷನ್ ತಿರುಗಿಸಿ ಗುಂಡ್ಲುಪೇಟೆಗೆ ವಾಪಸು ಬರುತ್ತಿದ್ದ, ಖಾಲಿ.

ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಚೆಂಡುಹೂವಿನ ಮೂಟೆ ಹೇರಿಕೊಂಡ ಲಾರಿಯೊಂದು ಕೇರಳದ ಕಡೆಗೆ ಹೋಗುತ್ತ ಇಡೀ ರಸ್ತೆಗೆ ಘಾಟು ಹಬ್ಬಿಸಿತು. ಮುಂದಿನ ಗಾಡಿ ಊಟಿಗೆ ಹೋಯಿತು. ಅದರ ಮುಂದಿನದು ಆಗಲೇ ಭೀಮನಬೀಡಿಗೆ ಹೋಗಿತ್ತು. ಶಿವಸ್ವಾಮಿ ತಲೆಗೆ ಬಂದು ನಿಂತ. ಸುಮ್ಮನೆ ಕೂತರೆ ರಸ್ತೆ ನೋಡಬೇಕಾಗುತ್ತದೆ ಎಂದು ಕೆಳಗಿಳಿದು, ಎಡಗಡೆಯ ಬಾಗಿಲು ತೆಗೆದು, ಕಾಲಡಿಯ ಮ್ಯಾಟು ಎಳೆದು ಒದರತೊಡಗಿದ. ಮಣ್ಣು, ಕಡಲೆಕಾಯಿ ಸಿಪ್ಪೆ, ಯಾರದೋ ಮಗುವಿನ ಒಂದು ಕಾಲಿನ ಚಪ್ಪಲಿ. ಆ ಚಪ್ಪಲಿಯನ್ನು ಏನು ಮಾಡಬೇಕೆಂದು ತಿಳಿಯದೆ ಸೀಟಿನ ಕೆಳಗೆ ಮತ್ತೆ ತುರುಕಲು ಬಗ್ಗಿದ. ಬೆನ್ನ ಹಿಂದೆ ಯಾರೋ ಬಂದು ನಿಂತ ನೆರಳು ಸೀಟಿನ ಮೇಲೆ ಬಿತ್ತು.

"ಚಾಮರಾಜನಗರಕ್ಕೆ ಬರ್ತೀರಾ?"

"ಬರಲ್ಲ," ಎಂದ ಶಿವಸ್ವಾಮಿ, ಬಗ್ಗಿದಲ್ಲಿಂದಲೇ. "ವಾಪಸ್ ಖಾಲಿ ಬರ್ಬೇಕಾಯ್ತದೆ."

ಬಾಯಿ ತನ್ನ ಕೆಲಸ ಮುಗಿಸಿದ ಮೇಲೆ ಕಿವಿ ತನ್ನ ಕೆಲಸ ಮಾಡಿತು. ಆಮೇಲೆ ಮೂಗು. ಅವನು ತಲೆ ಎತ್ತುವ ಭರದಲ್ಲಿ ಬಾಗಿಲ ಚೌಕಟ್ಟಿಗೆ ಹೊಡೆಸಿಕೊಂಡ. ನೀಲಿ ಅಂಚಿನ ಬಿಳಿ ಸೀರೆ, ಹೆಗಲಲ್ಲಿ ಆಫೀಸಿನ ಬ್ಯಾಗು, ಹಣೆಯ ಮೇಲೆ ವಿಭೂತಿಯ ಒಂದು ಸಣ್ಣ ಗೆರೆ. ಮೊದಲಿಗಿಂತ ತೆಳ್ಳಗಾಗಿದ್ದಳು. ಕಿವಿಯ ಹತ್ತಿರ ಬೆಳ್ಳಗಾದ ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಳು. ಕಾವ್ಯಶ್ರೀ ಅವನನ್ನು ನೋಡುತ್ತಿದ್ದಳು, ಕೋಪದಿಂದಲ್ಲ, ಆಶ್ಚರ್ಯದಿಂದಲೂ ಅಲ್ಲ; ಪರೀಕ್ಷೆಯ ಫಲಿತಾಂಶ ಏನು ಬರುತ್ತದೆಂದು ಅಂದುಕೊಂಡಿದ್ದಳೋ ಅದೇ ಬಂದಾಗ ಅವಳು ಗಾಜಿನ ಕೊಳವೆಯನ್ನು ನೋಡುತ್ತಿದ್ದ ರೀತಿಯಲ್ಲಿ.

"ಆಯ್ತು ಬುಡಿ," ಎಂದಳು. ಹೊರಟಳು.

ಅವನು ಬಾಯಿ ತೆರೆದ. ಕೂಗಿ ಕರೆದಿದ್ದರೂ ಉಪಯೋಗವಿರಲಿಲ್ಲ, ಯಾಕೆಂದರೆ ಆ ಸ್ಟ್ಯಾಂಡಿನಲ್ಲಿ ತಲೆಗಾಡಿಯವನು ಒಲ್ಲೆ ಅಂದರೆ ಇಡೀ ಸ್ಟ್ಯಾಂಡೇ ಒಲ್ಲೆ ಅಂದಂತೆ. ಆ ಗಿರಾಕಿಯನ್ನು ಆವತ್ತು ಹಿಂದಿನ ಯಾವ ಗಾಡಿಯವನೂ ಮುಟ್ಟುವಂತಿಲ್ಲ, ಒಲ್ಲೆ ಅಂದವನೇ ಮನಸ್ಸು ಬದಲಾಯಿಸಿ ಕರೆಯುವಂತೆಯೂ ಇಲ್ಲ. ಒಲ್ಲೆ ಅಂದವನು ಗಾಡಿ ತೆಗೆದುಕೊಂಡು ಹೋಗಿ ಬಾಲದಲ್ಲಿ ನಿಲ್ಲಬೇಕು. ಮೀರಿದವನ ನಂಬರು ಬೋರ್ಡಿನಿಂದ ಹೋಗುತ್ತದೆ. ಒಂದು ಕಾಲದಲ್ಲಿ ಬೇಕೆಂದೇ ಮೊದಲು ಒಲ್ಲೆ ಅಂದು, ಗಿರಾಕಿ ನಾಲ್ಕು ಹೆಜ್ಜೆ ಹೋದ ಮೇಲೆ ಕೂಗಿ ಕರೆದು ರೇಟು ಏರಿಸುವವರು ಹುಟ್ಟಿಕೊಂಡಿದ್ದರು. ಇನ್ನು ಕೆಲವರು ಮುಂದಿನವನು ಬಿಟ್ಟ ಗಿರಾಕಿಯನ್ನು ಹಿಂದಿನಿಂದ ಕಣ್ಸನ್ನೆ ಮಾಡಿ ಹತ್ತಿಸಿಕೊಳ್ಳುತ್ತಿದ್ದರು. ಆಗ ಸಂಘದ ಸಭೆಯಲ್ಲಿ ಎದ್ದು ನಿಂತು ಈ ನಿಯಮ ಹೇಳಿದವನು ಬೇರೆ ಯಾರೂ ಅಲ್ಲ, ಶಿವಸ್ವಾಮಿ. ಸಂಘದ ಅಧ್ಯಕ್ಷ ಕರಿಬಸವಯ್ಯನಿಗೆ ಅಷ್ಟು ಬಿಗಿ ಬೇಡವೆನಿಸಿತ್ತು. "ಮನ್ಸ ಅಂದ್ಮೇಲೆ ಒಂದು ಗಳ್ಗೆ ಬುದ್ದಿ ಹಿಂದುಮುಂದಾಯ್ತದೆ ಕಣಪ್ಪ" ಎಂದಿದ್ದ. ಆಡಿದ ಮಾತು ಆಡಿದ ಮಾತೇ ಎಂದು ಶಿವಸ್ವಾಮಿ ಮೇಜು ಗುದ್ದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೆಮ್ಮೆಯಿಂದ ಯಾರಿಗೆ ಹೇಳಿಕೊಂಡಿದ್ದನೋ ಅವಳು ಈಗ ರಸ್ತೆ ದಾಟುತ್ತಿದ್ದಳು. ಹಿಂದಿನ ಗಾಡಿಯವನನ್ನು ಅವಳು ಕೇಳಲೂ ಇಲ್ಲ. ಕೇಳಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಪುಟ್ಟಮಾದು ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದು ಆಕಾಶ ನೋಡುತ್ತಿದ್ದ.

ಕರಿಬಸವಯ್ಯ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ಹತ್ತಿರ ಬಂದು ಕೆಮ್ಮಿದ. ನೋಡಿದವನು ಅವನು, ಕೇಳಿಸಿಕೊಂಡವನು. ಬಾಲದ ಕಡೆ ಕೈ ತೋರಿಸಿದ, ಅಷ್ಟೆ. ಶಿವಸ್ವಾಮಿ ಮ್ಯಾಟನ್ನು ಒಳಗೆ ಎಸೆದು, ಗಾಡಿ ಹತ್ತಿ, ಸಾಲಿನ ಪಕ್ಕದಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದ. ಒಂದೊಂದು ಗಾಡಿ ದಾಟುವಾಗಲೂ ಒಳಗಿನವರು ಫೋನು ನೋಡುವಂತೆ ನಟಿಸಿದರು. ಎಲ್ಲರ ಮನೆಯಲ್ಲೂ ಅವಳು ಊಟ ಮಾಡಿದವಳು. ಎಲ್ಲರ ರಕ್ತವನ್ನೂ ಒಂದಲ್ಲ ಒಂದು ಸಲ ತೆಗೆದವಳು. ಪುಟ್ಟಮಾದುವಿಗೆ ಡೆಂಗ್ಯೂ ಬಂದಾಗ ರಜಾ ದಿನ ಹೋಗಿ ಪರೀಕ್ಷೆ ಮಾಡಿಕೊಟ್ಟಿದ್ದಳು. ಬಾಲದಲ್ಲಿ ಗಾಡಿ ನಿಲ್ಲಿಸಿ ಅವನು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟ. ಹಾರ್ನು ಕೂಗಿಕೊಂಡಿತು. ಬೆಚ್ಚಿ ಎದ್ದ. ಬಾಲ ಮುಂದಕ್ಕೆ ಬರಾದೇ ಇಲ್ವಾ? ಅಕ್ಕಿಯಲ್ಲಿ ಕಲ್ಲು ಸಿಕ್ಕಿದಾಗ ಅವಳು ಅದನ್ನು ಹೆಬ್ಬೆರಳಿನಿಂದ ಚಿಮ್ಮಿ ಅಂಗಳಕ್ಕೆ ಹಾರಿಸುತ್ತಿದ್ದಳು, ಮೊರದಿಂದ ಕಣ್ಣು ತೆಗೆಯದೆ. ಕಲ್ಲು ಎಲ್ಲಿ ಬಿತ್ತೆಂದು ಯಾವತ್ತೂ ನೋಡುತ್ತಿರಲಿಲ್ಲ.

ಬಂದದ್ದು ಯಾಕೆ? ಏನೋ ಆಫೀಸಿನ ಕೆಲಸಕ್ಕೆ ಬಂದಿರಬೇಕು, ಬಸ್ಸು ತಪ್ಪಿರಬೇಕು, ಟ್ಯಾಕ್ಸಿ ಕೇಳಿರಬೇಕು. ಹಾಗೆ ಅಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಗಿರಾಕಿಯಾಗಿ ಬಂದಳು, ಗಿರಾಕಿಯಂತೆ ಹೋದಳು. ಆದರೆ ಪುಟ್ಟಮಾದು ಗಾಡಿ ಬಿಟ್ಟು ನಡೆದುಕೊಂಡೇ ಬಾಲದವರೆಗೆ ಬಂದ. ತಲೆಗೆ ಬಂದವನು ಗಾಡಿ ಬಿಟ್ಟು ಬರುವುದು ಅಂದರೆ ಸಾಮಾನ್ಯವಲ್ಲ. ಕಿಟಕಿಯ ಮೇಲೆ ಮೊಣಕೈ ಇಟ್ಟು ಬಗ್ಗಿದ.

"ಯೋಯ್, ಒಂದು ಮಾತು ಯೋಳ್ತೀನಿ, ಬೇಜಾರು ಮಾಡ್ಕಬ್ಯಾಡ. ನಿನ್ನೆಂಡ್ತಿ ಬೆಳಿಗ್ಗಿಂದ ಆ ಬೇಕ್ರಿ ಮುಂದೆ ಕುಂತಿತ್ತು ಕಣ್ಲಾ."

"ಯಾವ ಬೇಕ್ರಿ?"

"ಅದೇ, ಎದ್ರುಗಿರಾದು. ನಾ ಟೀ ಕುಡ್ಯಕೆ ಓದಾಗ ಮಾತಾಡಿಸ್ದೆ. ಏನ್ ತಂಗಿ, ಇಲ್ಲಿ ಕುಂತಿದ್ದೀಯ ಅಂದೆ. ಸುಮ್ನೆ ಅಣ್ಣ ಅಂದ್ಲು. ಭೀಮನಬೀಡು ಗಾಡಿ ಓಯ್ತು, ಎದ್ದಿಲ್ಲ. ಊಟಿ ಗಾಡಿ ಓಗೋ ಗಂಟಾನೂ ಎದ್ದಿಲ್ಲ. ನಿನ್ ಗಾಡಿ ತಲೆಗೆ ಬತ್ತಿದ್ದಂಗೆ ಎದ್ದು ಬಂದ್ಲು."

ಶಿವಸ್ವಾಮಿ ಬೇಕರಿಯ ಕಡೆ ತಿರುಗಿ ನೋಡಿದ.

"ಅಲ್ಲ ಕಣ್ಲಾ," ಎಂದ ಪುಟ್ಟಮಾದು, ದನಿ ತಗ್ಗಿಸಿ, "ಬಸ್ಸು ಎಂಗುಸ್ರಿಗೆಲ್ಲ ಫ್ರೀ. ಚಾಮ್ರಾಜ್ನಗರದ ಬಸ್ಸು ಗಳ್ಗೆಗೊಂದು ಅದೆ. ಒಬ್ಳೇ ಓಗೋಳಿಗೆ ಟ್ಯಾಕ್ಸಿ ಯಾಕ್ ಬೇಕ್ಲಾ?"

ಸ್ಟ್ಯಾಂಡಿನವರೆಲ್ಲ ದಿನವೂ ಗೊಣಗುವ ಮಾತೇ ಅದು. ಬಸ್ಸು ಫ್ರೀ ಆದ ಮೇಲೆ ಹೆಂಗಸರು ಟ್ಯಾಕ್ಸಿಯ ಕಡೆ ತಲೆಯನ್ನೂ ಹಾಕುವುದಿಲ್ಲ, ಅವರ ಹಿಂದೆ ಬರುವ ಗಂಡಸರೂ ಟಿಕೆಟ್ ತೆಗೆದುಕೊಂಡು ಬಸ್ಸೇ ಹತ್ತುತ್ತಾರೆ. ಶಿವಸ್ವಾಮಿಯೂ ಎಷ್ಟು ಸಲ ಗೊಣಗಿದ್ದಾನೆ. ಆದರೂ ಅದು ಹೊಳೆದಿರಲಿಲ್ಲ. ಸರದಿಯ ಲೆಕ್ಕ ಗೊತ್ತಿದ್ದ ಹೆಂಗಸು, ಅವನ ಮುಂದಿನ ಗಾಡಿಗಳು ಖಾಲಿಯಾಗುವವರೆಗೆ ಬೇಕರಿಯ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದು, ಅವನು ತಲೆಗೆ ಬಂದ ಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ರಸ್ತೆ ದಾಟಿ ಬಂದಿದ್ದಳು. ಅವನು ಬಾಗಿಲಿಗೆ ಬರಲಾರ ಎಂದು ತಿಳಿದು, ಅವನಿಗೆ ಒಪ್ಪುವ ದಾರಿಯಲ್ಲೇ, ಅವನದೇ ನಿಯಮದ ಒಳಗೇ, ಗಿರಾಕಿಯಾಗಿ ಬಂದು ಕರೆದಿದ್ದಳು. ಬರ್ತೀರಾ ಎಂದು ಕೇಳಿದ್ದಳು. ಎಷ್ಟು ದಿನದಿಂದ ಆ ಮಾತನ್ನು ಬಾಯಲ್ಲಿ ಹಿಡಿದುಕೊಂಡಿದ್ದಳೋ. ಅವಳು ಬೇಕು, ಈಗ ಬೇಕು, ಆ ಬೆರಳಿನ ವಾಸನೆಯೊಂದಿಗೆ ಬೇಕು ಎಂದು ಇಡೀ ಮೈ ಕೇಳಿತು, ಜ್ವರದಲ್ಲಿ ನೀರು ಕೇಳಿದ ಹಾಗೆ.

ಗಾಡಿ ಯಾವಾಗ ಸ್ಟಾರ್ಟ್ ಮಾಡಿದನೋ ಅವನಿಗೇ ತಿಳಿಯಲಿಲ್ಲ. ಸಾಲಿನಿಂದ ಹೊರಬಿದ್ದು ಮುಂದೆ ಬರುವಷ್ಟರಲ್ಲಿ ಕರಿಬಸವಯ್ಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಅಡ್ಡ ನಿಂತಿದ್ದ.

"ಖಾಲಿ ಗಾಡಿ ಎಲ್ಲಿಗಪ್ಪ?"

"ತೆರಕಣಾಂಬಿ ಕಡೆ."

"ಶಿವಸ್ವಾಮಿ, ನನ್ ಮಕ ನೋಡು. ಒಲ್ಲೆ ಅಂದ ಗಿರಾಕೀನ ದಾರೀಲಿ ಹತ್ತಿಸ್ಕಂಡ್ರೂ ನಂಬರು ಓಯ್ತದೆ. ನಾ ಮಾಡಿದ್ದಲ್ಲ, ನೀನೇ ಮಾಡಿದ್ದು. ನಿಂಗೊಂದು ನಾಯ, ಇನ್ನೊಬ್ರಿಗೊಂದು ನಾಯ ಅಂತ ನಾಳೆ ಇವ್ರೆಲ್ಲ ಕೇಳುದ್ರೆ ನಾ ಏನಂತ ಯೋಳ್ಲಿ?"

"ಓಗ್ಲಿ ಬುಡಿ ಅಯ್ಯಾ," ಎಂದ ಶಿವಸ್ವಾಮಿ. ತಾನೇ ಅಂದದ್ದು ಎಂದು ನಂಬಿಕೆ ಬರಲಿಲ್ಲ.

ಕರಿಬಸವಯ್ಯ ಅಂಗೈ ತೆಗೆದು ಪಕ್ಕಕ್ಕೆ ಸರಿದು ನಿಂತ.

ಬಸ್ ನಿಲ್ದಾಣದಲ್ಲಿ ಅವಳು ಇರಲಿಲ್ಲ. ಚಾಮರಾಜನಗರದ ಬಸ್ಸು ಆಗ ತಾನೇ ಹೊರಟಿತ್ತು. ಅವನು ತೆರಕಣಾಂಬಿಯ ರಸ್ತೆಗೆ ತಿರುಗಿದ. ಎರಡೂ ಕಡೆ ಅರಿಶಿನದ ಹೊಲ, ಬಾಳೆ, ಸಣ್ಣ ಈರುಳ್ಳಿ ಕೀಳುತ್ತಿದ್ದ ಹೆಂಗಸರು. ಎಷ್ಟು ಸಲ ಈ ದಾರಿಯಲ್ಲಿ ಬಂದಿದ್ದಾನೆ, ಎಂದೂ ಹೊಲ ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದಳು. ಗಿರಾಕಿ ಸಿಕ್ಕರೆ ಹಿಂದಕ್ಕೆ ಹೋಗಬೇಕಾಗುತ್ತದೆ ಎಂದು ಅವನು ಹೇಳಿದರೆ, ಹಿಂದೆ ಕೂತರೆ ನಾನೂ ಗಿರಾಕಿಯಾಗಿಬಿಡುತ್ತೇನೆ, ದುಡ್ಡು ಕೇಳಬೇಡಿ ಅಂತ ನಗುತ್ತಿದ್ದಳು. ಇವತ್ತು ಎಡಗಡೆಯ ಬಾಗಿಲ ಹತ್ತಿರ ಬಂದು ನಿಂತಿದ್ದಳಲ್ಲ, ಅದು ಮುಂದಿನ ಸೀಟಿನ ಬಾಗಿಲೋ ಹಿಂದಿನದೋ? ಅವನು ಮ್ಯಾಟು ಒದರುತ್ತಿದ್ದದ್ದು ಮುಂದಿನ ಸೀಟಿನದು. ಅವಳು ಮುಂದಿನ ಸೀಟನ್ನೇ ಕೇಳಿದ್ದಳು. ಶಿವಸ್ವಾಮಿ ಆಕ್ಸಿಲರೇಟರ್ ಒತ್ತಿದ. ಬಸ್ಸಿನ ಹಿಂಭಾಗ ಧೂಳಿನಲ್ಲಿ ಕಂಡಿತು, ತಿರುವಿನಲ್ಲಿ ಮರೆಯಾಯಿತು, ಮತ್ತೆ ಕಂಡಿತು. ತೆರಕಣಾಂಬಿಯಲ್ಲಿ ಅದು ಜನ ಇಳಿಸಲು ನಿಂತಾಗ ಅವನು ಪಕ್ಕದಿಂದ ಹಾದು, ಅದೇ ಹುಣಿಸೆಮರದ ಕೆಳಗೆ ಗಾಡಿ ನುಗ್ಗಿಸಿ ನಿಲ್ಲಿಸಿ, ಓಡಿ ಬಂದ.

ಅವಳು ಕಿಟಕಿಯ ಪಕ್ಕದಲ್ಲಿ ಕೂತಿದ್ದಳು. ಅವನು ಕೆಳಗೆ ನಿಂತು ಮೇಲಕ್ಕೆ ನೋಡಿದ. ಇಷ್ಟು ವರ್ಷ ಟ್ಯಾಕ್ಸಿ ಓಡಿಸಿದವನು ಯಾರನ್ನೂ ಹೀಗೆ ಕತ್ತೆತ್ತಿ ಕೇಳಿದ್ದಿಲ್ಲ.

"ಇಳಿ. ನಾನೇ ಬುಡ್ತೀನಿ."

"ಟಿಕೆಟ್ ತಗೊಂಡಾಯ್ತು," ಎಂದಳು.

"ದುಡ್ಡಿಲ್ಲದ ಟಿಕೆಟ್ಟು ತಾನೇ."

"ಆದ್ರೂ ಟಿಕೆಟ್ಟೇ."

ಸುತ್ತಲಿನ ಕಿಟಕಿಗಳಲ್ಲಿ ಮುಖಗಳು ಮೂಡಿದವು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, "ಏನ್ರೀ ಟ್ಯಾಕ್ಸಿಯೋರೆ, ಹತ್ತಿರೋ ಪ್ಯಾಸೆಂಜರ್‌ನೂ ಇಳಿಸ್ಕೊಂಡ್ ಹೋಯ್ತೀರಾ? ಅಷ್ಟು ಬರಗಾಲಾನಾ ನಿಮ್ಗೆ?" ಎಂದು ಕೂಗಿದ. ಬಸ್ಸೆಲ್ಲ ನಕ್ಕಿತು. ಶಿವಸ್ವಾಮಿಗೆ ಕಿವಿ ಸುಟ್ಟಿತು. ನಗದವಳು ಅವಳೊಬ್ಬಳೇ.

"ಕಾವ್ಯ, ನಾ ನೋಡ್ಲಿಲ್ಲ ಕಣೆ. ನೀನು ಅಂತ ಗೊತ್ತಾಗ್ನಿಲ್ಲ."

"ಗೊತ್ತು," ಎಂದಳು ಅವಳು ಮೆಲ್ಲಗೆ. "ನೋಡ್ದೇನೇ ಬಂತಲ್ಲ ಆ ಮಾತು." ಮಡಿಲಿನ ಬ್ಯಾಗು ಸರಿಮಾಡಿಕೊಂಡು, "ನೀವು ಹೋಗಿ. ವಾಪಸ್ ಖಾಲಿ ಬರ್ಬೇಕಾಯ್ತದೆ," ಎಂದಳು.

ಅಣಕಿಸುವುದಕ್ಕೆ ಹೇಳಿದ್ದಲ್ಲ. ಅವಳ ಕಣ್ಣು ತುಂಬಿಕೊಂಡಿತ್ತು, ಅದನ್ನು ಅವನು ನೋಡಬಾರದೆಂದು ಮುಂದಿನ ಸೀಟಿನ ಕಂಬಿಯ ಕಡೆ ತಿರುಗಿದಳು. ಕಂಡಕ್ಟರು ವಿಷಲ್ ಊದಿದ. ಬಸ್ಸು ಅಲುಗಿತು. ಬೇರೆ ದಿನವಾಗಿದ್ದರೆ ಶಿವಸ್ವಾಮಿ ಅಲ್ಲೇ ನಿಲ್ಲುತ್ತಿದ್ದ. ಬಸ್ಸು ಕಾಣದಾಗುವವರೆಗೆ ನೋಡಿ, ಮರದ ಕೆಳಗೆ ಕೂತು, ತನ್ನನ್ನು ಬ್ರಹ್ಮಾಂಡವಾಗಿ ಬೈದುಕೊಂಡು, ವಾಪಸು ಬರುತ್ತಿದ್ದ. ಗಾಡಿಯಲ್ಲಿ ಬಸ್ಸಿನ ಹಿಂದೆ ಹೋಗೋಣವೆಂದರೆ ಅವಳು ಬಸ್ಸಿನಿಂದಿಳಿದು ಮನೆಗೆ ನಡೆಯುವಾಗ ಇವನು ಟ್ಯಾಕ್ಸಿಯಲ್ಲಿ ಪಕ್ಕಪಕ್ಕ ಬರುತ್ತ ಗಾಜು ಇಳಿಸಿ ಕರೆಯಬೇಕು, ಅವಳು ಒಲ್ಲೆ ಅನ್ನಬೇಕು. ಅವನ ಕಾಲು ಗಾಡಿಯ ಕಡೆ ಒಂದು ಹೆಜ್ಜೆ ಹೋದದ್ದೂ ನಿಜ. ಆಮೇಲೆ ಅವನು ತಿರುಗಿ ಓಡಿ, ಮುಚ್ಚುತ್ತಿದ್ದ ಬಾಗಿಲಿಗೆ ಕೈ ಕೊಟ್ಟು, ಬಸ್ಸು ಹತ್ತಿದ.

ಒಳಗೆ ಸೀಟಿರಲಿಲ್ಲ. ಕಾವ್ಯಶ್ರೀಯ ಪಕ್ಕ ಮುದುಕಿಯೊಬ್ಬಳು ಕೋಳಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಅವರ ಸೀಟಿನ ಕಂಬಿ ಹಿಡಿದು ನಿಂತ. ಮೈಮೇಲೆ ಖಾಕಿ ಶರ್ಟು ಇತ್ತಲ್ಲ, ಮುದುಕಿ ಅವನನ್ನು ಬಸ್ಸಿನವನೇ ಅಂದುಕೊಂಡಳು. "ಉಡಿಗಾಲದ ತಾವ ನಿಲ್ಸೀರಾ ನನ್ನಪ್ಪ? ಮೂಟೆ ಅದೆ," ಎಂದಳು.

"ನಿಲ್ಸ್ತಾರೆ ಕಣವ್ವ. ನಾ ಇಳಿಸ್ಕೊಡ್ತೀನಿ."

ಕಾವ್ಯಶ್ರೀ ತಿರುಗಲಿಲ್ಲ. ಆದರೆ ಅವಳ ಬೆನ್ನು ಅವನ ದನಿ ಕೇಳಿದ್ದು ಅವನಿಗೆ ಕಂಡಿತು. ಕಿಟಕಿಯ ಗಾಳಿಗೆ ಸ್ಪಿರಿಟಿನ ವಾಸನೆ ಬಂತು, ಕೋಳಿಯ ವಾಸನೆಯ ನಡುವೆಯೂ ಬಂತು. ಅವನು ಕಣ್ಣು ಮುಚ್ಚಿದ. ಮುಂದೆ ಏನು ಹೇಳಬೇಕು, ಮನೆಯ ಬಾಗಿಲಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು, ನಾಳೆ ಬೆಳಿಗ್ಗೆ ಯಾವ ಸ್ಟ್ಯಾಂಡಿನ ಯಾವ ಬಾಲಕ್ಕೆ ಹೋಗಿ ನಿಲ್ಲಬೇಕು, ಒಂದೂ ಗೊತ್ತಿರಲಿಲ್ಲ.

"ಎಲ್ಲಿಗ್ರೀ?"

ಕಂಡಕ್ಟರು ಮಿಷನ್ನು ಹಿಡಿದು ಎದುರಿಗೆ ನಿಂತಿದ್ದ. ಶಿವಸ್ವಾಮಿ ಈ ಪ್ರಶ್ನೆಯನ್ನು ಜೀವಮಾನವಿಡೀ ಊರಿನವರನ್ನೆಲ್ಲ ಕೇಳಿದ್ದಾನೆ. ಅವನನ್ನು ಯಾರೂ ಕೇಳಿರಲಿಲ್ಲ. ಡ್ರೈವರನ್ನು ಯಾರು ಕೇಳುತ್ತಾರೆ? ಬಾಯಿ ತೆರೆಯಲು ಅವನಿಗೆ ಭಯವಾಯಿತು. ಆ ಬಾಯಿಯನ್ನು ನಂಬುವಂತಿರಲಿಲ್ಲ.

"ಯೋಳಪ್ಪ, ಎಲ್ಲಿಗೆ? ಸ್ಟೇಜ್ ದಾಟ್ತದೆ."

ಕಾವ್ಯಶ್ರೀಯ ಕಿವಿಯ ಓಲೆ ಅಲುಗಾಡದೆ ನಿಂತಿತ್ತು.

"ಚಾಮರಾಜನಗರ," ಎಂದ ಶಿವಸ್ವಾಮಿ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು, ಬುಟ್ಟಿಯೊಳಗಿನ ಕೋಳಿ ಕೊಕ್ಕೆಂದಿತು. ಕಂಡಕ್ಟರು ಚೀಟಿ ಹರಿದು ಕೊಟ್ಟು ಮುಂದಕ್ಕೆ ಹೋದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಶಿವಸ್ವಾಮಿ ಮುಷ್ಟಿಯಲ್ಲೇ ಹಿಡಿದುಕೊಂಡ.

ಬಸ್ಸು ಊರು ದಾಟಿತು. ಅವಳು ವರ್ಗವಾಗಿ ಹೋದ ಮೇಲೆ ಅವನು ಒಮ್ಮೆಯೂ ದಾಟದ ಕಡೆ ರಸ್ತೆ ಬೇರೆ ರಸ್ತೆಗಳ ಹಾಗೇ ಇತ್ತು. ಬಹಳ ಹೊತ್ತಾದ ಮೇಲೆ, ಕಿಟಕಿಯ ಕಡೆಯೇ ಮುಖ ಮಾಡಿಕೊಂಡು, ಕಾವ್ಯಶ್ರೀ ಕೇಳಿದಳು, ಮನೆಯಲ್ಲಿ ಹಾಲು ಮುಚ್ಚಿಟ್ಟಿದ್ದೀರಾ ಎಂದು ಕೇಳುವ ದನಿಯಲ್ಲಿ:

"ಗಾಡಿಗೆ ಬೀಗ ಹಾಕಿದ್ರಾ?"

ಅವನು ಜೇಬು ಮುಟ್ಟಿಕೊಂಡ. ಕೀ ಗಾಡಿಯಲ್ಲೇ ಇತ್ತು. ಬಾಗಿಲು ಹಾಕಿದ್ದೂ ನೆನಪಿರಲಿಲ್ಲ. ಹುಣಿಸೆಮರದ ಕೆಳಗೆ ಅವನ ಗಾಡಿ ಯಾವ ಸಾಲಿನಲ್ಲೂ ಇಲ್ಲದೆ, ಬಾಗಿಲು ತೆರೆದುಕೊಂಡು, ಚಾಮರಾಜನಗರದ ಕಡೆ ಮುಖ ಮಾಡಿ ನಿಂತಿತ್ತು.

"ಇಲ್ಲ," ಎಂದ.

ಆಗ ಅವಳು ತಿರುಗಿ ಅವನ ಮುಖ ನೋಡಿದಳು.